ಬ್ಯಾಟರಿ ಎಂದು ಕೊಟ್ಟದ್ದು

ನಮ್ಮ ಕರಾವಳಿಯ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತಾರೆ. ಅದರೊಳಗೆ ಹಾಕುವುದಕ್ಕೆ ಸೆಲ್ಲು ಎನ್ನುತ್ತಾರೆ. ಹೊರಗಿನವರಿಗೆ ಇದು ಗೊಂದಲ, ನಮಗಲ್ಲ. ಹೊಸ ಬ್ಯಾಟರಿ ಕೊಳ್ಳುವಾಗ ಅದನ್ನು ನೋಡುವ ಕ್ರಮವೂ ಎಲ್ಲರದೂ ಒಂದೇ. ಗುಂಡಿ ಒತ್ತಿ ಅಂಗೈಗೆ ಹಿಡಿಯುವುದು, ಬೆಳಕು ಸಾಲದು ಎನಿಸಿದರೆ ತಿರುಗಿಸಿ ಗಾಜಿನೊಳಗೆ ಕಣ್ಣು ಹಾಯಿಸುವುದು, ಬಲ್ಬು ಉರಿಯುತ್ತಿದೆಯೇ ಎಂದು. ನನ್ನ ಭಾವ, ಅಂದರೆ ಅಕ್ಕನ ಗಂಡ, ದೋಹಾದ ಒಂದು ಅಂಗಡಿಯಲ್ಲಿ ಮಾಡಿದ್ದು ಇಷ್ಟೇ. ಅವರ ಬಲಗಣ್ಣು ಹೋಯಿತು.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ವರ್ಷಗಳು ಅವು. ನಾನು ಅಲ್ಲಿನ ಒಂದು ಇಂಗ್ಲಿಷ್ ದೈನಿಕದಲ್ಲಿ ವರದಿಗಾರನಾಗಿದ್ದೆ. ಭಾವ ದೋಹಾದ ವೆಸ್ಟ್ ಬೇಯಲ್ಲಿ, ಏಳುತ್ತಿದ್ದ ಕಟ್ಟಡವೊಂದರ ಟವರ್ ಕ್ರೇನ್ ಆಪರೇಟರ್. ಬೆಳಿಗ್ಗೆ ಏಣಿ ಹತ್ತಿದರೆ ಊಟವನ್ನೂ ಮೇಲೆಯೇ ಮಾಡುತ್ತಿದ್ದರು. ಕೆಳಗಿನವರು ಡಬ್ಬಿಯನ್ನು ಹಗ್ಗಕ್ಕೆ ಕಟ್ಟಿದರೆ ಎಳೆದುಕೊಳ್ಳುತ್ತಿದ್ದರು. ಸೈಟಿನಲ್ಲಿ ಅವರಿಗೆ ಬೆಲೆಯಿತ್ತು. ಕಬ್ಬಿಣದ ಕಟ್ಟನ್ನು ಕೆಲಸಗಾರರ ಕೈಯಳತೆಗೆ, ತಲೆಗೆ ತಾಗದಂತೆ ಇಳಿಸುವುದು ಸುಲಭದ ಕೆಲಸವಲ್ಲ. ಅದಕ್ಕೆ ಎರಡೂ ಕಣ್ಣು ಬೇಕು, ದೂರ ಎಷ್ಟೆಂದು ತಿಳಿಯಲಿಕ್ಕೆ. ಪ್ರತಿ ಬಾರಿ ಲೈಸೆನ್ಸ್ ಹೊಸದು ಮಾಡಿಸುವಾಗ ಮೊದಲು ಕಣ್ಣಿನ ಪರೀಕ್ಷೆ ಆಗುತ್ತಿತ್ತು.

ರಜೆಗೆ ಊರಿಗೆ ಹೊರಡುವವರಿದ್ದರು. ಪೆಟ್ಟಿಗೆ ತುಂಬಿಸುವ ಸಂಭ್ರಮ ಅವರದು ನನಗಿಂತ ಹೆಚ್ಚು. ಟ್ಯಾಂಗು, ಮುಲಾಮು, ಸಾಬೂನು, ಅಕ್ಕನಿಗೆ ಸೀರೆಯಲ್ಲದಿದ್ದರೂ ಸೀರೆಯಷ್ಟೇ ದೊಡ್ಡ ಕಂಬಳಿ. ಕೊನೆಗೆ ಅವರ ಅಪ್ಪನಿಗೆ ಒಂದು ಬ್ಯಾಟರಿ. ಗುಡ್ಡೆಯ ಮೇಲಿನ ತೋಟಕ್ಕೆ ಹಂದಿ ಬರುತ್ತದೆ, ದೂರಕ್ಕೆ ಬೆಳಕು ಬೀಳುವಂಥದ್ದು ತಾ ಎಂದು ಅಪ್ಪ ಹೇಳಿದ್ದರಂತೆ. ಭಾವ ಹೋದದ್ದು ನಮ್ಮ ಕಡೆಯವನೇ ನಡೆಸುತ್ತಿದ್ದ ಅಂಗಡಿಗೆ. ವಾಚು, ರೇಡಿಯೊ, ಇಸ್ತ್ರಿಪೆಟ್ಟಿಗೆ, ಆಟದ ಸಾಮಾನು ಎಲ್ಲ ಒಟ್ಟಿಗೆ ಮಾರುವ ಅಂಗಡಿ. ನಮ್ಮವನಲ್ಲವೇ, ಮೋಸ ಮಾಡುವುದಿಲ್ಲ ಎಂದು ನಮ್ಮವರೆಲ್ಲ ಅಲ್ಲಿಗೇ ಹೋಗುತ್ತಿದ್ದರು.

ಭಾವ ಆಮೇಲೆ ನನಗೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಒಳ್ಳೆ ಬ್ಯಾಟರಿ ಉಂಟಾ ಅಂತ ಕೇಳಿದೆ. ಈ ಪೆನ್ನಿನ ಹಾಗಿದ್ದದ್ದು ಕೊಟ್ಟ. ಇಷ್ಟು ಸಣ್ಣದಾ ಮಾರಾಯ ಅಂದೆ. ಇದು ಹೊಸ ಬ್ಯಾಟರಿ, ಈ ಗುಡ್ಡೆಯಿಂದ ಆ ಗುಡ್ಡೆಗೆ ಮುಟ್ತದೆ ಅಂದ. ಬಟನ್ ಒತ್ತಿದೆ. ಅಂಗಡಿಯಲ್ಲಿ ಅಷ್ಟು ಟ್ಯೂಬ್‌ಲೈಟು, ಎಂತ ಕಾಣ್ತದೆ? ಅಂಗೈಯಲ್ಲಿ ಒಂದು ಹಸಿರು ಚುಕ್ಕೆ ಬಿಟ್ಟರೆ ಬೆಳಕೇ ಇಲ್ಲ ಅಂತ ತಿರುಗಿಸಿ ನೋಡಿದೆ. ಖಲಾಸ್."

ಆ ಖಲಾಸ್ ಎಂಬ ಮಾತನ್ನು ಅವರು ನಗುತ್ತಲೇ ಹೇಳಿದರು. ಆಗಿನ್ನೂ ಕಣ್ಣು ಸರಿಯಾಗುತ್ತದೆ ಎಂದುಕೊಂಡಿದ್ದರು.

ಸರಿಯಾಗಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಕಣ್ಣಿನ ಹಿಂಬದಿಯ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ನಟ್ಟನಡುವೆ ಸುಟ್ಟ ಗುರುತು. ನಾವು ಓದುವುದು, ಮುಖ ಗುರುತಿಸುವುದು, ಸೂಜಿಗೆ ನೂಲು ಪೋಣಿಸುವುದು ಎಲ್ಲ ಆ ಚುಕ್ಕೆಯಷ್ಟು ಜಾಗದಿಂದಲೇ ಎಂದು ವಿವರಿಸಿದರು. ಭಾವ ಎಡಗಣ್ಣು ಮುಚ್ಚಿ ನನ್ನನ್ನು ನೋಡಿದರು. "ನಿನ್ನ ಕಿವಿ ಎರಡೂ ಉಂಟು, ಮುಖ ಇಲ್ಲ" ಎಂದರು.

ಭಾವ ಆ ವಸ್ತುವನ್ನು ಕಿಸೆಯಲ್ಲೇ ಇಟ್ಟುಕೊಂಡು ಬಂದಿದ್ದರು. ವೈದ್ಯರು ಅದರ ಚೀಟಿ ಓದಿದರು. ಹಳದಿ ಚೀಟಿಯಲ್ಲಿ 'ಐದು ಮಿಲಿವ್ಯಾಟ್‌ಗಿಂತ ಕಡಿಮೆ' ಎಂದಿತ್ತು. ಅವರು ತಲೆಯಾಡಿಸಿದರು. "ಇದು ಟಾರ್ಚಲ್ಲ, ಲೇಸರ್. ಅಷ್ಟು ಕಡಿಮೆಯದಾಗಿದ್ದರೆ ಮನುಷ್ಯ ತಾನಾಗಿ ಕಣ್ಣು ಮುಚ್ಚಿಕೊಳ್ಳುತ್ತಾನೆ, ಸಾಮಾನ್ಯವಾಗಿ ಅಷ್ಟರಲ್ಲಿ ಪಾರಾಗುತ್ತಾನೆ. ಇವರದು ಮುಚ್ಚುವ ಮೊದಲೇ ಸುಟ್ಟಿದೆ. ಈ ಚೀಟಿ ನಿಜ ಹೇಳುತ್ತಿಲ್ಲ."

ಸುಳ್ಳು ಚೀಟಿ ಅಂಟಿಸಿದವನು ಯಾವ ದೇಶದಲ್ಲಿದ್ದಾನೋ ನಮಗೆ ಗೊತ್ತಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟು ಬಂದಿದ್ದರೂ ಅದು ಗಾಳಿಗೆ ಗುದ್ದಿದ ಹಾಗೆ. ಸಿಟ್ಟಿಗೆ ಒಂದು ಮುಖ ಸಿಕ್ಕಿದ್ದು ಅನಂತರ.

ಭಾವನ ಕಂಪನಿಯಲ್ಲಿ ಸುರಕ್ಷತಾ ಅಧಿಕಾರಿ ವಿಚಾರಣೆ ಮಾಡಿದ. ಫಿಲಿಪೀನ್ಸಿನವನು, ಕೆಟ್ಟವನಲ್ಲ. ಅಲ್ಲಿನ ಕ್ರಮ ಹೀಗಿತ್ತು: ಬೇರೆಯವರ ತಪ್ಪಿನಿಂದ ಆಪರೇಟರ್‌ಗೆ ಪೆಟ್ಟಾದರೆ ನೆಲದ ಮೇಲೆ ಬೇರೆ ಕೆಲಸ ಕೊಡುತ್ತಾರೆ. ತನ್ನ ಹುಡುಗಾಟದಿಂದ ಆದರೆ ವೀಸಾ ರದ್ದು, ವಿಮಾನ ಹತ್ತಿಸುತ್ತಾರೆ. ಭಾವ ತಮ್ಮ ಇಂಗ್ಲಿಷಿನಲ್ಲಿ ಹೇಳಿದರು: "ಐ ಲುಕ್ ಬ್ಯಾಟರಿ, ಸರ್. ಬಟನ್ ಪ್ರೆಸ್. ಲುಕ್ ಇನ್‌ಸೈಡ್ ಬ್ಯಾಟರಿ." ಅಧಿಕಾರಿಗೆ ಅರ್ಥವಾದದ್ದು ಏನೆಂದರೆ, ಈ ಮನುಷ್ಯ ಒಂದು ಲೇಸರ್ ಉಪಕರಣವನ್ನು ಬಿಚ್ಚಿ ಒಳಗಿನ ಬ್ಯಾಟರಿ ನೋಡುತ್ತಿದ್ದ ಎಂದು. ಖಾತ್ರಿ ಮಾಡಿಕೊಳ್ಳಲು ಅಂಗಡಿಗೆ ಫೋನು ಮಾಡಿದ. ಅಂಗಡಿಯವನು ಕೂಡಲೇ ಆ ಮಾತನ್ನು ಹಿಡಿದುಕೊಂಡ. ಲೇಸರ್ ಎಂದು ಹೇಳಿಯೇ ಕೊಟ್ಟೆ, ಕಣ್ಣಿಗೆ ಹಿಡಿಯಬೇಡ ಎಂದೂ ಹೇಳಿದೆ, ಅವನೇ ಬಿಚ್ಚಿ ಬ್ಯಾಟರಿ ನೋಡುತ್ತಿದ್ದ ಎಂದ. ಎರಡೂ ಕಡೆಯ ಮಾತು ಹೊಂದಿಕೆಯಾಯಿತು. ಭಾವನ ಬಾಯಿಂದ ಬಂದ ನಮ್ಮ ಊರಿನ ಪದವೇ ಭಾವನಿಗೆ ಮುಳುವಾಯಿತು. ಕಂಪನಿ ಇನ್ನೂ ತೀರ್ಮಾನ ಹೇಳಿರಲಿಲ್ಲ, ಆದರೆ ಅದು ಯಾವ ಕಡೆಗೆ ವಾಲಿದೆ ಎಂದು ಎಲ್ಲರಿಗೂ ಗೊತ್ತಾಗಿತ್ತು.

ಅದೇ ವಾರ ನಜ್ಮಾ ಬಡಾವಣೆಯ ಒಂದು ಹೋಟೆಲಿನಲ್ಲಿ ಮೀನೂಟಕ್ಕೆ ಕುಳಿತಿದ್ದೆ. ಪಕ್ಕದ ಮೇಜಿನಲ್ಲಿ ನಮ್ಮವರೇ ನಾಲ್ಕೈದು ಜನ. ಒಬ್ಬ ಹೇಳುತ್ತಿದ್ದ:

"ಕ್ರೇನಿನವನ ಕತೆ ಗೊತ್ತುಂಟಾ? ಲೇಸರಿನೊಳಗೆ ಬಲ್ಬು ಹುಡುಕಿದ್ದಂತೆ."

"ಸಿಕ್ಕಿತಾ ಬಲ್ಬು?"

"ಬಲ್ಬು ಮಾಫಿ, ಕಣ್ಣೂ ಮಾಫಿ." ಮಾಫಿ ಎಂದರೆ ಅಲ್ಲಿನ ಅರಬ್ಬಿಯಲ್ಲಿ ಇಲ್ಲ ಎಂದು.

"ನಿಂಗೆ ಯಾರು ಹೇಳಿದ್ದು?"

"ಅಂಗಡಿಯವನೇ ಮಾರ್ರೆ. ಹೋದವರಿಗೆಲ್ಲ ಚಾ ಕೊಟ್ಟು ಹೇಳ್ತಾನೆ. ಒಳ್ಳೆ ಆ್ಯಕ್ಷನ್ ಮಾಡಿ ತೋರಿಸ್ತಾನೆ."

ನಾನು ಊಟ ಮುಗಿಸಿ, ಕೈ ತೊಳೆದು, ಹೊರಗೆ ಬಂದೆ. ಅವರ ಜೊತೆ ಜಗಳವಾಡಲಿಲ್ಲ. ಕತೆ ಕೇಳಿದವರ ಮೇಲೆ ನನಗೆ ಹಗೆಯಿರಲಿಲ್ಲ. ಆ್ಯಕ್ಷನ್ ಮಾಡಿ ತೋರಿಸುವವನ ಮೇಲಿತ್ತು. ಅವನು ಭಾವನ ಕಣ್ಣು ತೆಗೆದ, ಸುಳ್ಳು ಹೇಳಿ ಅನ್ನ ತೆಗೆಯುವುದರಲ್ಲಿದ್ದ, ಮೇಲೆ ಅದನ್ನು ಚಹಾದ ಜೊತೆಗಿನ ಬಿಸ್ಕತ್ತು ಮಾಡಿಕೊಂಡಿದ್ದ. ಅವನ ಅಂಗಡಿ ಮುಚ್ಚಿಸಬೇಕು ಎಂದು ಕಾರಿನಲ್ಲಿ ಕುಳಿತೇ ತೀರ್ಮಾನಿಸಿದೆ. ಹೊಡೆಯುವುದು, ಬೈಯುವುದು ನನಗೆ ಬರುವುದಿಲ್ಲ. ನನಗೆ ಬರುವುದು ಒಂದೇ ಕೆಲಸ. ಅದನ್ನು ಸರಿಯಾಗಿ ಮಾಡುವುದೆಂದು ನಿಶ್ಚಯಿಸಿದೆ.

ಮೊದಲು ಓದಿದೆ. ಕೈಯಲ್ಲಿ ಹಿಡಿಯುವ ಲೇಸರಿನಿಂದ ಇಷ್ಟು ಶಕ್ತಿ ಹೊರಡುವುದು ಸಾಧ್ಯವೇ ಎಂಬುದೇ ನನ್ನ ಮೊದಲ ಪ್ರಶ್ನೆ. ಕೆಲವು ವರ್ಷಗಳ ಹಿಂದೆ ಸಾಧ್ಯವಿರಲಿಲ್ಲ. ಹಸಿರು ಕಿರಣಕ್ಕೆ ಮೇಜಿನಷ್ಟು ದೊಡ್ಡ ಯಂತ್ರ ಬೇಕಿತ್ತು. ಆಮೇಲೆ ಅದು ಅಕ್ಕಿಕಾಳಿನಷ್ಟು ಹರಳಿಗೂ ಎರಡು ಸಣ್ಣ ಸೆಲ್ಲಿಗೂ ಇಳಿಯಿತು. ಅಗ್ಗದವುಗಳಲ್ಲಿ ಹಸಿರಿನ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಕಿರಣವೂ ಹೊರಬೀಳುತ್ತದೆ. ಅದನ್ನು ತಡೆಯುವ ಗಾಜಿನ ತುಂಡನ್ನು ತಯಾರಕರು ಎಷ್ಟೋ ಸಲ ಹಾಕುವುದೇ ಇಲ್ಲ. ಕಾಣದ ಬೆಳಕಿಗೆ ಕಣ್ಣು ಮಿಟುಕುವುದಿಲ್ಲ.

ಎರಡನೆಯದು ನಿಯಮ. ಒಂದು ದೇಶ ಇಷ್ಟರವರೆಗೆ ಮಾರಬಹುದು ಎನ್ನುತ್ತಿತ್ತು, ಇನ್ನೊಂದು ಅದರ ಐದರಲ್ಲೊಂದು ಪಾಲು ಮಾತ್ರ ಎನ್ನುತ್ತಿತ್ತು. ವಿಮಾನ ಇಳಿಸುವ ಪೈಲಟ್‌ಗಳ ಕಣ್ಣಿಗೆ ಹಿಡಿದವರ ಸುದ್ದಿ ಬಂದ ಮೇಲೆ ಆಸ್ಟ್ರೇಲಿಯ ಹೊರಗಿನಿಂದ ತರುವುದನ್ನೇ ಬಿಗಿ ಮಾಡಿತ್ತು. ಆದರೆ ಎಲ್ಲ ನಿಯಮಗಳೂ ಕೊನೆಗೆ ಚೀಟಿಯ ಮೇಲೆ ನಿಂತಿದ್ದವು. ಅಕ್ಕಿಯನ್ನು ತೂಗಬಹುದು, ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ನೋಡಬಹುದು. ಇದನ್ನು ಅಳೆಯುವ ಮೀಟರ್ ಯಾವ ಅಂಗಡಿಯಲ್ಲಿದೆ, ಯಾವ ಬಂದರಿನ ಬಾಗಿಲಲ್ಲಿದೆ? ಪೆಟ್ಟಿಗೆಯ ಮೇಲೆ ಟಾರ್ಚ್ ಎಂದು ಬರೆದಿದ್ದರೆ ಟಾರ್ಚ್, ಐದು ಎಂದು ಬರೆದಿದ್ದರೆ ಐದು. ಪೊಲೀಸರಿಲ್ಲದ ದಾರಿಯಲ್ಲಿ ವೇಗದ ಮಿತಿಯ ಫಲಕ ನೆಟ್ಟ ಹಾಗೆ.

ನಾನು ಹುಡುಕುತ್ತಿದ್ದುದು ಮೀಟರ್ ಇಲ್ಲದೆ ಆ ಚೀಟಿಯನ್ನು ಸುಳ್ಳು ಮಾಡುವ ಉಪಾಯ. ಅದು ಸಿಕ್ಕಿತು. ಐದು ಮಿಲಿವ್ಯಾಟ್‌ನ ಲೇಸರಿಗೆ ಬೆಂಕಿಕಡ್ಡಿ ಹೊತ್ತಿಸುವ ಶಕ್ತಿ ಇಲ್ಲ. ಅದರ ಹತ್ತಾರು ಪಟ್ಟು ಇದ್ದರೆ ಮಾತ್ರ ಕಡ್ಡಿ ಹೊತ್ತುತ್ತದೆ.

ನಮ್ಮ ಸುದ್ದಿ ಸಂಪಾದಕಿ ಶ್ರೀಲಂಕಾದವರು. ಸಿಗರೇಟು ಬಿಟ್ಟು ಚೂಯಿಂಗ್ ಗಮ್ ಹಿಡಿದಿದ್ದರು, ಹಾಗಾಗಿ ಅವರ ಸಿಡುಕು ಹಲ್ಲಿನಲ್ಲೇ ಕಾಣುತ್ತಿತ್ತು. ಎಲ್ಲವನ್ನೂ ಹೇಳಿದೆ.

"ಪೆಟ್ಟಾದವರು ನಿನಗೆ ಏನಾಗಬೇಕು?"

"ಅಕ್ಕನ ಗಂಡ."

"ಹಾಗಾದರೆ ಆ ಭಾಗ ಬೇರೆಯವರು ಬರೆಯಲಿ."

"ಬರೆಯಲಿ. ಅಂಗಡಿಯ ಭಾಗ ನನಗೆ ಕೊಡಿ."

"ಸೇಡು ತೀರಿಸಿಕೊಳ್ಳಲಿಕ್ಕಾ?"

"ಹೌದು."

ಅವರು ಸ್ವಲ್ಪ ಹೊತ್ತು ಗಮ್ ಜಗಿದರು. "ಹಾಗಾದರೆ ಬೇರೆ ದಿನಕ್ಕಿಂತ ಹೆಚ್ಚು ಎಚ್ಚರದಿಂದ ಬರೀ. ಒಂದು ಪದ ತಪ್ಪಿದರೂ ಅವನು ಗೆದ್ದ. ಸುಳ್ಳು ಹೇಳಿ ಒಳಗೆ ಹೋಗಬೇಡ. ಅಂಗಡಿಯ ಹೆಸರು ಬರುವುದಿಲ್ಲ, ಅದು ನಿನಗೆ ಗೊತ್ತು." ಗೊತ್ತಿತ್ತು. ಅಲ್ಲಿನ ಪತ್ರಿಕೆಗಳಲ್ಲಿ ಬೆಂಕಿ ಬಿದ್ದರೂ 'ಒಂದು ಖಾಸಗಿ ಕಂಪನಿ', ಕಲಬೆರಕೆಯಾದರೂ 'ನಗರದ ಒಂದು ಮಳಿಗೆ'.

ಮರುದಿನ ಸಂಜೆ ಫೋಟೋಗ್ರಾಫರ್ ಜೊತೆ ಹೋದೆ. ಅವನು ಕೇರಳದವನು, ನಮ್ಮ ಮಾತು ಅರ್ಧ ಅರ್ಥವಾಗುತ್ತಿತ್ತು. ಕಿರಣದ ನೇರಕ್ಕೆ ಕಣ್ಣಾಗಲಿ ಕ್ಯಾಮರಾ ಆಗಲಿ ತರಬೇಡ, ಬದಿಯಿಂದ ಮಾತ್ರ ತೆಗೆ ಎಂದು ದಾರಿಯಲ್ಲೇ ಹೇಳಿದ್ದೆ. ಅಂಗಡಿಯಲ್ಲಿ ನನ್ನ ಕಾರ್ಡು ಕೊಟ್ಟೆ. ಇಂಥ ಪತ್ರಿಕೆ, ಈಗ ಪೇಟೆಗೆ ಬಂದಿರುವ ಲೇಸರುಗಳ ಬಗ್ಗೆ ಬರೆಯುತ್ತಿದ್ದೇನೆ, ರೆಕಾರ್ಡರ್ ಚಾಲೂ ಇದೆ ಎಂದೆ. ಅವನು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಓದಿದ. ನಾನು ಯಾರ ಮೈದುನ ಎಂದು ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಊರು ಯಾವುದೆಂದು ಮಾತ್ರ ಕೇಳಿದ, ಹೇಳಿದೆ.

"ಅಯ್ಯೋ, ನಮ್ಮ ಹತ್ತಿರದವರೇ ಮಾರ್ರೆ! ಇಷ್ಟು ದಿವಸ ಎಲ್ಲಿದ್ರಿ? ಚಾ ಹೇಳ್ತೇನೆ, ಕೂತ್ಕೊಳ್ಳಿ."

ಚಹಾ ಬಂತು. ಮುಟ್ಟಲಿಲ್ಲ. ಗಾಜಿನ ಕೌಂಟರಿನ ಕೆಳಗೆ ಆ ಪೆನ್ನುಗಳನ್ನು ಸಾಲಾಗಿ ಜೋಡಿಸಿದ್ದ, ಎಲ್ಲದಕ್ಕೂ ಅದೇ ಹಳದಿ ಚೀಟಿ.

"ಇದು ನಿಜವಾಗಿ ಅಷ್ಟು ಪವರ್ ಉಂಟಾ?" ಎಂದು ಕೇಳಿದೆ.

"ಪವರಾ? ಈಗ ನೋಡಿ ಬೇಕಾದ್ರೆ." ಬೆಂಕಿಪೊಟ್ಟಣದಿಂದ ಒಂದು ಕಡ್ಡಿ ತೆಗೆದು ಸಾಬೂನಿನ ತುಂಡಿಗೆ ಚುಚ್ಚಿ ನಿಲ್ಲಿಸಿದ. ಈ ಆಟ ಅವನಿಗೆ ಅಭ್ಯಾಸವಾಗಿತ್ತು. ನಂತರ ಫೋಟೋಗ್ರಾಫರ್ ಕಡೆ ತಿರುಗಿದ. "ಫೋಟೋ ಪೇಪರಲ್ಲಿ ಬರ್ತದಾ?"

"ಬರ್ತದೆ. ಕೈ ಮಾತ್ರ" ಎಂದು ನಾನು ಹೇಳಿದೆ.

"ಕೈ ಮಾತ್ರವಾ? ಮುಖ ಎಂತ ಪಾಪ ಮಾಡಿದೆ?" ಎಂದು ನಕ್ಕ. ಕೈಯನ್ನು ಅಂಗಿಗೆ ಒರೆಸಿಕೊಂಡು, ಪೆನ್ನನ್ನು ಚೀಟಿ ಮೇಲೆ ಬರುವಂತೆ ಹಿಡಿದ. ಚೀಟಿ ಕಾಣುವಂತೆ ಹಿಡಿಯಿರಿ ಎಂದು ನಾನು ಹೇಳಲಿಲ್ಲ. ಅದು ಕಂಪನಿ ಮಾಲು ಎಂದು ಗೊತ್ತಾಗಲಿ ಎಂದು ಅವನೇ ಹಾಗೆ ಹಿಡಿದ. ಕಡ್ಡಿಯ ತಲೆಯಿಂದ ಸ್ವಲ್ಪ ಹೊಗೆ ಬಂತು, ಆಮೇಲೆ ಭಗ್ ಎಂದಿತು. ಫೋಟೋಗ್ರಾಫರ್ ಮೂರು ನಾಲ್ಕು ಸಲ ಒತ್ತಿದ. ಒಂದೇ ಚೌಕಟ್ಟಿನಲ್ಲಿ ಅವನ ಕೈ, ಸುಳ್ಳು ಚೀಟಿ, ಉರಿಯುವ ಕಡ್ಡಿ.

ನನಗೆ ಇನ್ನೊಂದು ಬೇಕಿತ್ತು. ಅದಕ್ಕಾಗಿ ಎಲ್ಲರಿಗೂ ಕೇಳುವ ಸಾಮಾನ್ಯ ಪ್ರಶ್ನೆಯನ್ನೇ ಕೇಳಿದೆ. "ಇದನ್ನು ಯಾರು ತೆಗೊಳ್ತಾರೆ?"

"ಹೆಚ್ಚು ನಮ್ಮೂರಿನವರೇ. ಊರಿಗೆ ಹೋಗುವವರು."

"ಲೇಸರ್ ಅಂತ ಗೊತ್ತಿದ್ದೇ ತೆಗೊಳ್ತಾರಾ?"

"ಲೇಸರ್ ಅಂದ್ರೆ ಯಾರು ತೆಗೊಳ್ತಾರೆ ಸರ್? ಹೆದರ್ತಾರೆ. ಬ್ಯಾಟರಿ ಅಂತಲೇ ಕೊಡುದು. ಹೊಸ ನಮೂನೆ ಬ್ಯಾಟರಿ, ಗುಡ್ಡೆಯಿಂದ ಗುಡ್ಡೆಗೆ ಮುಟ್ತದೆ ಅಂದ್ರೆ ಖುಷಿಯಲ್ಲಿ ಹೋಗ್ತಾರೆ."

"ಕಣ್ಣಿಗೆ ಅಪಾಯ ಇಲ್ವಾ?"

"ಕಣ್ಣಿಗೆ ಹಿಡಿದ್ರೆ ಉಂಟು. ಅದು ಗೊತ್ತಿದ್ದದ್ದೇ. ಹಾಗಂತ ಒಬ್ಬೊಬ್ರಿಗೂ ಹೇಳ್ತಾ ಕೂತ್ರೆ ವ್ಯಾಪಾರ ಆಗ್ತದಾ?" ಎಂದವನು, ಮುಂದಕ್ಕೆ ಬಾಗಿ, "ಒಬ್ಬ ಕ್ರೇನಿನವನ ಕತೆ ಉಂಟು, ಹೇಳ್ತೇನೆ ನಿಲ್ಲಿ" ಎಂದ.

"ಆ ಕತೆ ಕೇಳಿದ್ದೇನೆ" ಎಂದು ಎದ್ದೆ. ಇನ್ನೊಂದು ನಿಮಿಷ ಕುಳಿತಿದ್ದರೆ ಆ ಬಿಸಿ ಚಹಾ ಅವನ ಮುಖದ ಮೇಲಿರುತ್ತಿತ್ತು. ಅದರಿಂದ ನನಗೆ ಏನೂ ಸಿಗುತ್ತಿರಲಿಲ್ಲ.

ವರದಿಯನ್ನು ಬರೆದದ್ದು ತುಂಬ ಒಣ ಭಾಷೆಯಲ್ಲಿ. ವಿಶೇಷಣಗಳನ್ನೆಲ್ಲ ತೆಗೆದೆ. ಚೀಟಿ ಏನು ಹೇಳುತ್ತದೆ, ಕಡ್ಡಿ ಏನು ಹೇಳುತ್ತದೆ. ಮಾರುವವನು ತನ್ನ ಬಾಯಿಂದ ಏನು ಹೇಳಿದ. ಕರ್ನಾಟಕ ಕರಾವಳಿಯಲ್ಲಿ ಟಾರ್ಚಿಗೆ ಬ್ಯಾಟರಿ ಎನ್ನುವ ರೂಢಿಯಿದೆ, ಹಾಗೆಂದು ಕೊಟ್ಟರೆ ಕೊಳ್ಳುವವನು ಅದರೊಳಗೆ ನೋಡುವುದು ಸಹಜ ಎಂದು ಒಂದು ಸಾಲು. ಆ ಒಂದು ಸಾಲಿಗಾಗಿಯೇ ಉಳಿದದ್ದೆಲ್ಲ ಬರೆದದ್ದು. ಸಂಪಾದಕಿ ಎಲ್ಲ ಓದಿ ಒಂದು ಅಲ್ಪವಿರಾಮ ತೆಗೆದರು, ಬೇರೇನೂ ಮುಟ್ಟಲಿಲ್ಲ. ಪೆಟ್ಟಾದವರ ಭಾಗವನ್ನು ಸಹೋದ್ಯೋಗಿಯೊಬ್ಬಳು ಬರೆದಳು. ಮೂರನೇ ಪುಟದಲ್ಲಿ, ಪತ್ರಿಕೆ ಮಡಚುವ ಗೆರೆಗಿಂತ ಮೇಲಿನ ಅರ್ಧದಲ್ಲಿ, ಕೈಯ ಚಿತ್ರ ದೊಡ್ಡದಾಗಿ ಬಂತು.

ಹೆಸರಿಲ್ಲದಿದ್ದರೂ ಗೊತ್ತಾಗದೆ ಇರಲಿಲ್ಲ. ಕೌಂಟರಿನ ಗಾಜಿನ ಮೇಲಿನ ಬಿರುಕಿಗೆ ಹಚ್ಚಿದ ನೀಲಿ ಟೇಪು ಚಿತ್ರದಲ್ಲಿತ್ತು. ನಮ್ಮವರು ಅದನ್ನು ಗುರುತು ಹಿಡಿದರು. ಮಧ್ಯಾಹ್ನದೊಳಗೆ ಸಂಬಂಧಪಟ್ಟ ಇಲಾಖೆಯಿಂದ ನಮ್ಮ ಕಚೇರಿಗೆ ಫೋನು ಬಂತು, ಸಂಪಾದಕಿ ವಿಳಾಸ ಕೊಟ್ಟರು. ಸಂಜೆ ಇನ್ಸ್‌ಪೆಕ್ಟರುಗಳು ಹೋಗಿ ಪೆನ್ನುಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ ಒಯ್ದರು. ನಾನು ರಸ್ತೆಯ ಆಚೆ ಬದಿಯಲ್ಲಿ ಕಾರು ನಿಲ್ಲಿಸಿ ನೋಡಿದೆ. ವರದಿಗಾರನಾಗಿ ಹೋದದ್ದಲ್ಲ, ಅದನ್ನು ಬರೆಯಲೂ ಇಲ್ಲ. ನೋಡುವುದಕ್ಕಾಗಿ ಹೋದೆ. ಅವನು ಬಾಗಿಲ ಬಳಿ ನಿಂತು ಎಲ್ಲರಿಗೂ ಸಲಾಂ ಹೇಳುತ್ತಿದ್ದ, ಯಾರೂ ತಿರುಗಿ ಹೇಳಲಿಲ್ಲ. ಅಂಗಡಿಯ ಶಟರ್ ಅರ್ಧ ಇಳಿದದ್ದನ್ನು, ಆಮೇಲೆ ಪೂರ್ತಿ ಇಳಿದದ್ದನ್ನು ನೋಡಿ ಮನೆಗೆ ಹೋಗಿ ಚೆನ್ನಾಗಿ ಊಟ ಮಾಡಿದೆ.

ಭಾವ ಆ ಪುಟವನ್ನು ಕಂಪನಿಗೆ ಒಯ್ದರು. ಸುರಕ್ಷತಾ ಅಧಿಕಾರಿ ಎರಡು ಸಲ ಓದಿ, "ಹಾಗಾದರೆ ನೀನು ಬ್ಯಾಟರಿ ಅಂದದ್ದು ಟಾರ್ಚಿಗಾ?" ಎಂದು ಕೇಳಿದನಂತೆ. ಭಾವ ಹೌದೆಂದರು. ಅವನು ಕ್ಷಮೆ ಕೇಳಿದ. ಕ್ರೇನ್ ಹತ್ತಲು ಇನ್ನು ಆಗುವುದಿಲ್ಲ, ಆದರೆ ವೀಸಾ ಉಳಿಯುತ್ತದೆ, ಸೈಟಿನ ಸ್ಟೋರಿನಲ್ಲಿ ಕೆಲಸ ಎಂದಾಯಿತು.

ಕೆಲವು ದಿನಗಳ ನಂತರ ಅಂಗಡಿಯವನು ನಮ್ಮ ಕಚೇರಿಗೆ ಬಂದ. ಕೆಳಗೆ ಸೋಫಾದ ತುದಿಯಲ್ಲಿ ಕುಳಿತಿದ್ದ, ಬೆವರಿದ್ದ.

"ಸರ್, ವೀಸಾ ಕೊಟ್ಟ ಕಫೀಲ್ ಅದನ್ನು ಕ್ಯಾನ್ಸಲ್ ಮಾಡ್ತಾರಂತೆ. ನೀವು ಒಂದು ಸಾಲು ಹಾಕಿ. ಅವನಿಗೆ ಗೊತ್ತಿರಲಿಲ್ಲ ಅಂತ. ಚೀಟಿ ನೋಡಿ ನಂಬಿದ್ದ ಅಂತ. ಒಂದೇ ಸಾಲು."

"ನಿಮ್ಮ ಹೆಸರು ಪತ್ರಿಕೆಯಲ್ಲಿ ಬಂದಿಲ್ಲ. ಹೆಸರಿಲ್ಲದವರ ಬಗ್ಗೆ ತಿದ್ದುಪಡಿ ಹಾಕುವುದಿಲ್ಲ."

"ಕೈ ಬಂದಿದೆಯಲ್ಲ ಸರ್."

"ಕೈಯಲ್ಲಿ ತಪ್ಪೇನೂ ಇಲ್ಲ. ಚಿತ್ರ ಸರಿಯಾಗಿದೆ."

"ನಾವೆಲ್ಲ ಒಂದೇ ಊರಿನವರಲ್ವಾ?"

"ಕ್ರೇನಿನವರೂ ಅದೇ ಊರಿನವರು. ನನ್ನ ಭಾವ."

ಅವನು ನನ್ನ ಮುಖವನ್ನೇ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಹೇಳಿದ್ದಿದ್ರೆ ನಾನು..." ಎಂದು ಶುರುಮಾಡಿ ನಿಲ್ಲಿಸಿದ. ಹೇಳಿದ್ದರೆ ಅವನು ಕಡ್ಡಿ ಹೊತ್ತಿಸುತ್ತಿರಲಿಲ್ಲ, ಅಷ್ಟೇ.

ಅವನು ಅಲ್ಲಿಂದ ನೇರ ಭಾವನ ಹತ್ತಿರ ಹೋದ. ಶುಕ್ರವಾರ ಭಾವ ನನ್ನ ಕೋಣೆಗೆ ಬಂದರು.

"ಅತ್ತ ಮಾರಾಯ ಅವನು. ಹೆಂಡತಿ ಮಕ್ಕಳು ಇಲ್ಲೇ ಇದ್ದಾರೆ, ಮಕ್ಕಳ ಸ್ಕೂಲು ನಡುವಲ್ಲಿ ನಿಲ್ತದೆ ಅಂತ. ನನ್ನ ಕೆಲಸ ಹೇಗೂ ಉಳಿಯಿತಲ್ಲ. ಒಂದು ಸಾಲು ಬರೆದು ಬಿಡು."

"ನಿಮ್ಮ ಅಧಿಕಾರಿಗೆ ಅವನು ಏನು ಹೇಳಿದ, ಭಾವ?"

"ಹೇಳಿದ, ಸುಳ್ಳು ಹೇಳಿದ. ಹೆದರಿ ಹೇಳಿದ್ದು."

"ಅಂಗಡಿಯಲ್ಲಿ ಆ್ಯಕ್ಷನ್ ಮಾಡಿ ಎಲ್ಲರನ್ನೂ ನಗಿಸಿದ್ದೂ ಹೆದರಿಯಾ?"

ಭಾವ, "ಕಣ್ಣು ಹೋದದ್ದು ನನ್ನದು, ಸಿಟ್ಟು ನಿನಗೆ ಜಾಸ್ತಿ" ಎಂದರು. ಹೌದೆಂದೆ. ನಾನು ಹಾಕಿದ ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ಮುಂದಿನ ಕೆಲವು ಶುಕ್ರವಾರ ಬರಲಿಲ್ಲ.

ಅಂಗಡಿಯವನು ಸಂಸಾರದೊಂದಿಗೆ ಊರಿಗೆ ಹೋದ. ಅವನ ಜಾಗದಲ್ಲಿ ಈಗ ಪರದೆ ಬಟ್ಟೆಯ ಅಂಗಡಿಯಿದೆ ಎಂದು ಕೇಳಿದ್ದೇನೆ. ಆ ವರದಿಯಿಂದ ನಿಯಮ ಬದಲಾಯಿತು ಎಂದು ಹೇಳುವುದಿಲ್ಲ, ಹಾಗೆ ಹೇಳಲು ನನ್ನಲ್ಲಿ ಆಧಾರವಿಲ್ಲ. ಆ ದಿನಗಳಲ್ಲಿ ಪೇಟೆಯ ಉಳಿದ ಅಂಗಡಿಗಳು ತಮ್ಮ ಪೆನ್ನುಗಳನ್ನು ಕೌಂಟರಿನಿಂದ ತೆಗೆದವು, ಅದನ್ನು ಕಣ್ಣಾರೆ ಕಂಡಿದ್ದೇನೆ.

ಅವನು ಕೇಳಿದ ಸಾಲನ್ನು ನಾನು ಆಗ ಬರೆಯಲಿಲ್ಲ. ಭಾವ ಕೇಳಿದಾಗಲೂ ಬರೆಯಲಿಲ್ಲ. ಇಷ್ಟು ವರ್ಷಗಳ ಮೇಲೆ, ಯಾರ ವೀಸಾಕ್ಕೂ ಸಂಬಂಧವಿಲ್ಲದ ಈ ಪುಟದಲ್ಲಿಯೂ ಬರೆಯುವುದಿಲ್ಲ. ಅವನಿಗೆ ಗೊತ್ತಿತ್ತು.